ಸುಕ್ಕಿಲ್ಲದ ಹಾಸಿಗೆ

ಮಂಚದ ಕೆಳಗಿರುವ ಮೂತ್ರದ ಬಾಟಲಿಗಳನ್ನೆಲ್ಲ ಎತ್ತಿಬಿಡಿ, ಹೊರಗಿನಿಂದ ಬರುವ ಪರೀಕ್ಷಕಿಯ ಕಣ್ಣಿಗೆ ಒಂದೂ ಬೀಳಬಾರದು ಎಂದು ಟ್ಯೂಟರ್ ಹೇಳಿದಾಗ ಅವಳಿಗೆ ಮೈಯೆಲ್ಲ ಉರಿಯಿತು. ಉರಿಯುವ ಮೈ ಹೊತ್ತುಕೊಂಡೇ ಬಗ್ಗಿ ಬಗ್ಗಿ ಬಾಟಲಿಗಳನ್ನು ಎತ್ತಿದಳು. ಇದು ಮೂಳೆ ಮುರಿದ ಗಂಡಸರ ವಾರ್ಡು. ಎದ್ದು ಕಕ್ಕಸಿಗೆ ಹೋಗಬಲ್ಲವರು ಇಲ್ಲಿ ಬೆರಳೆಣಿಕೆಯಷ್ಟು. ಉಳಿದವರಿಗೆಲ್ಲ ಆ ಬಾಟಲಿಯೇ ಗತಿ. ಅದನ್ನೂ ಕಿತ್ತುಕೊಂಡರೆ ಅವರೇನು ಮಾಡಬೇಕು ಎಂದು ಕೇಳುವ ಬಾಯಿ ಆ ಸಾಲಿನಲ್ಲಿ ನಿಂತಿದ್ದ ಯಾವ ನರ್ಸಿಂಗ್ ಹುಡುಗಿಗೂ ಇರಲಿಲ್ಲ. ಎರಡನೇ ಸಲ ಪರೀಕ್ಷೆಗೆ ನಿಂತ ಅವಳಿಗಂತೂ ಎಲ್ಲಿಂದ ಬರಬೇಕು. ಕಿಟಕಿಯ ಪಕ್ಕದ ಮಂಚದಲ್ಲಿ ಕಂಡಕ್ಟರಜ್ಜ ಮಲಗಿದ್ದ. ಬಸ್ ಕಂಡಕ್ಟರ್ ಆಗಿದ್ದು ನಿವೃತ್ತನಾದವನು, ಬಚ್ಚಲಲ್ಲಿ ಜಾರಿ ಬಿದ್ದು ಈಗ ತೊಡೆಯೊಳಗೆ ಸರಳು ಹಾಕಿಸಿಕೊಂಡಿದ್ದ. ಅವಳು ತನ್ನ ಬಾಟಲಿಗೆ ಕೈಹಾಕಿದ್ದನ್ನು ಕಂಡು, "ಅದನ್ನೂ ಒಯ್ತೀಯಾ ಮಗಳೇ? ನನಗೆ ಆಸ್ತಿ ಅಂತ ಉಳಿದಿರೋದೇ ಅದೊಂದು," ಎಂದ. ಅವಳು ನಕ್ಕು, ಪರೀಕ್ಷೆ ಮುಗಿದ ತಕ್ಷಣ ತಂದುಕೊಡುತ್ತೇನೆ ಎಂದಳು. ಬಾಟಲಿಗಳೆಲ್ಲ ತೊಳೆಯುವ ಕೋಣೆ ಸೇರಿದವು. ಟ್ಯೂಟರ್ ಬಾಗಿಲೆಳೆದು ಬೀಗ ಹಾಕಿದರು.

ಪರೀಕ್ಷೆ ಎಂದರೆ ಹಾಸಿಗೆ ಹಾಸುವ ಪರೀಕ್ಷೆ. ರೋಗಿ ಮಲಗಿರುವಂತೆಯೇ, ಅವನನ್ನು ಕೆಳಗಿಳಿಸದೆ, ಹಳೆಯ ಬಟ್ಟೆ ತೆಗೆದು ಹೊಸತು ಹಾಸಬೇಕು. ಹೋದ ಸಲ ಅವಳು ಇದರಲ್ಲಿ ಫೇಲಾದ ಸುದ್ದಿ ಮನೆಗೆ ಮುಟ್ಟಿದಾಗ ಅಣ್ಣ ಬಿದ್ದು ಬಿದ್ದು ನಕ್ಕಿದ್ದ. "ಹಾಸಿಗೆ ಹಾಸೋದ್ರಲ್ಲೂ ಫೇಲಾಗ್ತಾರೇನೇ? ಇನ್ನು ದಿಂಬಿಗೊಂದು ಪರೀಕ್ಷೆ ಇಡ್ತಾರೆ ನೋಡ್ತಿರು." ಅಮ್ಮ ನಗಲಿಲ್ಲ. ಅವಳ ಅಮ್ಮ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಕೆದರಿ ಎಸೆದು ಹೋದದ್ದನ್ನು ದಿನವಿಡೀ ನಿಂತು ಮಡಚುವವಳು. "ನನ್ನ ಹೊಟ್ಟೇಲಿ ಹುಟ್ಟಿ ಒಂದು ಮಡಿಕೆ ಹಾಕೋಕೆ ಬರಲ್ಲ ಅಂದ್ರೆ," ಎಂದು ಮಾತನ್ನು ಅಲ್ಲಿಗೇ ಬಿಟ್ಟು ಒಲೆಯ ಕಡೆ ತಿರುಗಿದ್ದಳು. ಈ ಸಲವೂ ಕೈಕೊಟ್ಟರೆ ವರ್ಷವೇ ಹೋದಂತೆ. ಜೊತೆಯವರು ಮುಂದಿನ ತರಗತಿಗೆ ಹೋಗುತ್ತಾರೆ, ಅವಳು ಹಿಂದಿನಿಂದ ಬರುವ ಎಳೆ ಹುಡುಗಿಯರ ನಡುವೆ ಕೂತು ಕೈತೊಳೆಯುವುದು ಹೇಗೆ ಎಂಬ ಪಾಠವನ್ನು ಮತ್ತೆ ಕೇಳಬೇಕು. ಹಾಸ್ಟೆಲಿನಲ್ಲಿ ಆಗಲೇ ಅವಳ ಹೆಸರು ಅಳಿಸಿಹೋಗಿ 'ರಿಪೀಟು' ಎಂದಾಗಿತ್ತು. ರಿಪೀಟು, ಸ್ನಾನಕ್ಕೆ ಬರ್ತೀಯಾ. ರಿಪೀಟು, ನಿನ್ನ ಸೋಪು ಕೊಡೇ. ಪ್ರೀತಿಯಿಂದಲೇ ಕರೆಯುತ್ತಿದ್ದರು. ಪ್ರೀತಿಯಿಂದ ಕರೆದದ್ದಕ್ಕೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಯಾಕೆ ಫೇಲಾದೆ ಎಂಬುದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ, ಹೇಳಿದರೆ ಅಣ್ಣ ಇನ್ನೂ ಜೋರಾಗಿ ನಗುತ್ತಿದ್ದ. ಹೋದ ಸಲದ್ದು ಹೆಂಗಸರ ವಾರ್ಡು. ಹೊಟ್ಟೆಗೆ ಆಪರೇಶನ್ ಆಗಿದ್ದ ಒಬ್ಬಾಕೆ ಪಕ್ಕಕ್ಕೆ ಹೊರಳಿಸಿದ್ದೇ ತಡ ನೋವಿಗೆ ಅಳತೊಡಗಿದಳು, ಅವಳ ಮುಂಗೈ ಹಿಡಿದಳು, ಬಿಡಲಿಲ್ಲ. ಆಕೆಯ ಉಗುರುಗಳು ಚುಚ್ಚುತ್ತಿದ್ದವು. ಅವಳು ಕೈ ಬಿಡಿಸಿಕೊಳ್ಳದೆ ಸುಮ್ಮನೆ ನಿಂತಳು, ಅಳು ತಗ್ಗುವ ತನಕ ನಿಂತಳು. ಆಗ ಅವಳಿಗೆ ತಾನೇನೋ ಸರಿಯಾದದ್ದನ್ನು ಮಾಡುತ್ತಿದ್ದೇನೆ ಎಂದೇ ಅನ್ನಿಸಿತ್ತು, ಬೆನ್ನ ಹಿಂದೆ ಟ್ಯೂಟರ್ ಮೆಚ್ಚಿ ನೋಡುತ್ತಿರಬಹುದು ಎಂದೂ. ಆಮೇಲೆ ಟ್ಯೂಟರ್ ತಮ್ಮ ಕೋಣೆಗೆ ಕರೆಸಿದರು. ಬೈಯಲಿಲ್ಲ, ಕೂರಿಸಿ ಮೆತ್ತಗೆ ಹೇಳಿದರು. "ಕರುಣೆ ಬೇಡ ಅನ್ನಲ್ಲಮ್ಮ ನಾನು. ಆದರೆ ಕರುಣೆಗೆ ಮಾರ್ಕ್ಸ್ ಇಲ್ಲ. ಶುರು ಮಾಡಿದ ಮೇಲೆ ಕೈ ನಿಲ್ಲಬಾರದು." ಅಂದಿನಿಂದ ಅವಳು ಮಧ್ಯಾಹ್ನವೆಲ್ಲ ಪ್ರಯೋಗಶಾಲೆಯ ರಬ್ಬರ್ ಗೊಂಬೆಯ ಮೇಲೆ ಅಭ್ಯಾಸ ಮಾಡಿದಳು. ಗೊಂಬೆ ಅಳಲಿಲ್ಲ, ಕೈ ಹಿಡಿಯಲಿಲ್ಲ, ಎತ್ತ ಹೊರಳಿಸಿದರೂ ಹಲ್ಲು ತೋರಿಸಿಕೊಂಡೇ ಇತ್ತು. ಬರಬರುತ್ತಾ ಅವಳು ಮಡಚಿದ ಚಾದರದ ಮೂಲೆಗಳು ಲಕೋಟೆಯ ಮೂಲೆಯಂತೆ ಕೂರತೊಡಗಿದವು. ಬೀಗ ಹಾಕಲು ಬಂದ ಜವಾನ ಕೂಡ ನಿಂತು ನೋಡಿ ಹೋಗುತ್ತಿದ್ದ.

ಈಗ ಟ್ಯೂಟರ್ ಮಂಚದಿಂದ ಮಂಚಕ್ಕೆ ಹೋಗಿ ರೋಗಿಗಳಿಗೂ ಪಾಠ ಹೇಳಿಕೊಡುತ್ತಿದ್ದರು. ಪ್ರತಿ ಪರೀಕ್ಷೆಯ ದಿನವೂ ಇದು ನಡೆಯುವುದೇ. "ನೋಡಿ, ನಮ್ಮ ಹುಡುಗೀರು ಕೊನೇಲಿ ಆರಾಮಾಗಿದೆಯಾ ಅಂತ ಕೇಳ್ತಾರೆ. ಆರಾಮಾಗಿದೆ ಅನ್ನಬೇಕು. ಬೇರೆ ಪುರಾಣ ಬೇಡ, ತಿಳೀತಾ?" ಕೈ ಮುರಿದುಕೊಂಡಿದ್ದ ಬಣ್ಣದ ಕೆಲಸದವನೊಬ್ಬ, ಆರಾಮಿಲ್ಲ ಅಂದರೆ ಏನಾಗುತ್ತೆ ಎಂದು ಕೇಳಿದ. "ಹುಡುಗಿ ಫೇಲಾಗ್ತಾಳೆ, ಇನ್ನೇನು," ಎಂದರು ಟ್ಯೂಟರ್. ವಾರ್ಡೆಲ್ಲ ನಕ್ಕಿತು. ಕೇಳುವುದಕ್ಕೆ ಮಾರ್ಕ್ಸು, ಉತ್ತರ ಮಾತ್ರ ಮೊದಲೇ ತಯಾರು. ಅವಳಿಗೆ ನಗು ಬರಲಿಲ್ಲ, ಆದರೆ ಹಾಗಾದರೂ ಹೇಳಲಿ ದೇವರೇ ಎಂದು ಒಳಗೊಳಗೇ ಬೇಡಿಕೊಂಡದ್ದೂ ನಿಜ. ಕಂಡಕ್ಟರಜ್ಜ ಅವಳನ್ನು ಸನ್ನೆ ಮಾಡಿ ಕರೆದ. "ನೀನೇ ಅಲ್ವಾ ಎರಡನೇ ಟ್ರಿಪ್ಪು ಹೊಡೀತಿರೋದು? ನಿನ್ನ ಗೆಳತಿ ಹೇಳಿದ್ಲು. ಹೆದರಬೇಡ. ನನ್ನ ಬಸ್ಸು ಹತ್ತಿದವರನ್ನ ನಾನು ಅರ್ಧ ದಾರೀಲಿ ಇಳಿಸಿದ್ದೇ ಇಲ್ಲ."

ಗೆಳತಿ ಎಂದರೆ ಸೋಡಾಬುಡ್ಡಿ. ದಪ್ಪ ಕನ್ನಡಕದ ಹುಡುಗಿ, ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚದವಳು, ಇವತ್ತು ರೋಗಿಯನ್ನು ಆಚೆ ಕಡೆಯಿಂದ ಹಿಡಿದುಕೊಳ್ಳಬೇಕಾದವಳು. ಇಬ್ಬರೂ ಟ್ರೇ ಹಿಡಿದು ಗೋಡೆಗಂಟಿ ನಿಂತರು. ಪರೀಕ್ಷಕಿ ಬಂದಿದ್ದಾರಂತೆ, ಪ್ರಿನ್ಸಿಪಾಲರ ಕೋಣೆಯಲ್ಲಿ ಟೀ ಕುಡಿಯುತ್ತಿದ್ದಾರಂತೆ. ಟೀ ಮುಗಿಯಿತಂತೆ, ಮಾತು ಮುಗಿದಿಲ್ಲವಂತೆ. ಬಿಸಿಲು ಕಿಟಕಿಯಿಂದ ನೆಲಕ್ಕೆ, ನೆಲದಿಂದ ಮಂಚದ ಕಾಲಿಗೆ ಬಂತು. ರೋಗಿಗಳ ಕೈಗೆ ಹಾಕಿದ್ದ ಡ್ರಿಪ್ಪು ತನ್ನ ಪಾಡಿಗೆ ತಾನು ಇಳಿಯುತ್ತಿತ್ತು. ಯಾರ ಟೀ ಮುಗಿಯಲಿ ಎಂದು ಅದೇನೂ ಕಾಯುವುದಿಲ್ಲವಲ್ಲ. ಒಬ್ಬಿಬ್ಬರು ಬಾಟ್ಲಿ ಬಾಟ್ಲಿ ಎಂದು ಕೂಗಿದರು, ಟ್ಯೂಟರ್ ಕಣ್ಣು ಕೆಕ್ಕರಿಸಿದರು, ಕೂಗಿದವರು ಸುಮ್ಮನಾದರು. ದೊಡ್ಡ ಗಂಡಸರು, ಮೂಟೆ ಹೊತ್ತವರು, ಲಾರಿ ಓಡಿಸಿದವರು, ಹೆಂಡತಿ ಮಕ್ಕಳ ಮೇಲೆ ದರ್ಬಾರು ಮಾಡಿದವರು, ಶಾಲೆಯ ಹುಡುಗರಂತೆ ಬಾಯಿ ಮುಚ್ಚಿಕೊಂಡು ಮಲಗಿದ್ದರು. ಮಲಗಿಸಿಬಿಟ್ಟರೆ ಮನುಷ್ಯ ಎಷ್ಟು ಬೇಗ ಹೇಳಿದ ಹಾಗೆ ಕೇಳುತ್ತಾನೆ ಎಂದು ಅವಳಿಗೆ ಅನ್ನಿಸಿತು. ನಿಂತಿದ್ದ ತಾವೂ ಅಷ್ಟೇ ಎನ್ನುವುದು ಆಮೇಲೆ ಹೊಳೆಯಿತು. ಕಂಡಕ್ಟರಜ್ಜ ಅವಳ ಕಡೆ ತಲೆ ಹೊರಳಿಸಿ, "ಮಗಳೇ, ಒಂದು ಮಾತು," ಎಂದದ್ದೂ ಬಾಗಿಲಲ್ಲಿ ಚಪ್ಪಲಿಯ ಸದ್ದಾದದ್ದೂ ಒಟ್ಟಿಗೇ ಆಯಿತು. "ಆಮೇಲೆ ಅಜ್ಜ, ಬಂದ್ರು," ಎಂದಳು. ಆ ಒಂದು ಮಾತು ಯಾವುದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷಕಿ ಮುದುಕಿಯೇನಲ್ಲ, ಕೆಟ್ಟವಳಂತೆಯೂ ಕಾಣಲಿಲ್ಲ. ಕರವಸ್ತ್ರದಿಂದ ಕತ್ತು ಒರೆಸಿಕೊಂಡು, "ಶುರು ಮಾಡಮ್ಮ," ಎಂದಳು, ಅಷ್ಟೆ. ಅವಳು ಶುರು ಮಾಡಿದಳು. ಕೈಗಳು ತಾವಾಗಿಯೇ ಹೊರಟವು, ಹೊದಿಕೆ ಸಡಿಲಿಸಿದವು, ದಿಂಬು ಸರಿಸಿದವು, ಎರಡು ಕಾಲುಗಳ ನಡುವೆ ಮೆತ್ತೆ ಇಟ್ಟವು. ಸೋಡಾಬುಡ್ಡಿ ಆಚೆಯಿಂದ ಅಜ್ಜನ ಹೆಗಲು ಸೊಂಟ ಹಿಡಿದು ತನ್ನತ್ತ ಹೊರಳಿಸಿಕೊಂಡಳು. ಅವನ ಬೆನ್ನು ಈಚೆ ನಿಂತ ಅವಳ ಮುಂದೆ ಬಂತು, ಮುದುಕರ ಬೆನ್ನು, ಹಾಸಿಗೆಯ ಗೆರೆಗಳು ಅಚ್ಚೊತ್ತಿದ ಬೆನ್ನು. ಅಪ್ಪನ ಬೆನ್ನನ್ನು ತಾನು ಇಷ್ಟು ಹತ್ತಿರದಿಂದ ಎಂದೂ ನೋಡಿಲ್ಲ ಎಂದು ಯಾಕೋ ನೆನಪಾಯಿತು. ಹಳೆಯ ಚಾದರವನ್ನು ಸುರುಳಿ ಸುತ್ತಿ ಬೆನ್ನಿಗೆ ಒತ್ತಿದಳು, ಹೊಸದನ್ನು ಹರವಿದಳು, ರಬ್ಬರ್ ಹಾಸು, ಅದರ ಮೇಲೆ ಅಡ್ಡಬಟ್ಟೆ. ಅಜ್ಜನ ಕಾಲ್ಬೆರಳುಗಳು ಮುದುಡಿ ಬಿಗಿದಿದ್ದವು. ಕತ್ತಿನ ನರ ಎದ್ದಿತ್ತು. ಮಂಚದ ಕಂಬಿ ಹಿಡಿದಿದ್ದ ಮುಷ್ಟಿ ಬೆಳ್ಳಗಾಗಿತ್ತು. ಇದು ಕಾಲಿನ ನೋವಲ್ಲ ಎಂದು ಅವಳಿಗೆ ತಿಳಿಯಿತು. ಮೂರು ತಿಂಗಳು ವಾರ್ಡಿನಲ್ಲಿ ತಿರುಗಿದ ಯಾವ ಹುಡುಗಿಗಾದರೂ ತಿಳಿಯುತ್ತದೆ. ಈಗ ನಿಲ್ಲಿಸಿ, ಮೇಡಂ, ಇವರಿಗೆ ಬಾಟಲಿ ಬೇಕು ಎನ್ನಬಹುದು. ಬಾಟಲಿ ಟ್ರೇಯಲ್ಲಿಲ್ಲ, ವಾರ್ಡಿನಲ್ಲಿಲ್ಲ, ಬೀಗದ ಆಚೆ ಇದೆ. ಟ್ಯೂಟರ್ ಮುಖ ಗಂಟಿಕ್ಕುತ್ತದೆ. ಮತ್ತೆ ಮಧ್ಯದಲ್ಲಿ ನಿಲ್ಲಿಸಿದಳು ಎನ್ನುತ್ತಾರೆ. ಅವಳ ಕೈ ನಿಲ್ಲಲಿಲ್ಲ. ಕೈ ನಿಲ್ಲದಂತೆ ಅವರೇ ತಿದ್ದಿದ್ದರು, ತಿದ್ದಿದ ಕೈಯ ಮೇಲೆ ಅವಳಿಗೆ ಆ ಹೊತ್ತಿನಲ್ಲಿ ಹೆಮ್ಮೆಯೂ ಆಯಿತು, ಆ ಹೆಮ್ಮೆಗೆ ಹೇಸಿಗೆಯೂ ಆಯಿತು. ಎಲ್ಲದರ ನಡುವೆ ಅವಳು ಮೂಲೆಯನ್ನು ಎತ್ತಿ, ಮಡಚಿ, ಕೆಳಗೆ ತಳ್ಳಿದಳು.

ಈಚೆ ಕಡೆಗೆ ಹೊರಳಿಸುವ ಸರದಿ ಬಂದಾಗ ಅಜ್ಜನ ಮುಖ ಅವಳ ಮುಖದ ಹತ್ತಿರಕ್ಕೆ ಬಂತು. ಅವಳು ಕೇಳಲೇಬೇಕಿತ್ತು. "ಆರಾಮಾಗಿದೆಯಾ ಅಜ್ಜ?" ಎಂದಳು. ಕೇಳುವಾಗ ಅವನ ಕಣ್ಣು ನೋಡಬಾರದಿತ್ತು, ನೋಡಿಬಿಟ್ಟಳು. ಅವನಿಗೂ ಎಲ್ಲ ತಿಳಿದಿತ್ತು: ಅವಳಿಗೆ ಗೊತ್ತಾಗಿದೆ ಎನ್ನುವುದು, ಗೊತ್ತಿದ್ದೂ ಕೇಳುತ್ತಿದ್ದಾಳೆ ಎನ್ನುವುದು. "ಆರಾಮಾಗಿದೆ," ಎಂದ, ಗಟ್ಟಿಯಾಗಿ, ಪರೀಕ್ಷಕಿಗೂ ಕೇಳಿಸುವಂತೆ. ಪೆನ್ನು ಆಡಿದ ಸದ್ದು ಕೇಳಿಸಿತು. ಚಾದರವನ್ನು ಬಿಗಿಯಾಗಿ ತನ್ನತ್ತ ಎಳೆದುಕೊಳ್ಳಲು ಅವಳು ಅವನ ತೊಡೆಯ ಕೆಳಗೆ ಅಂಗೈ ತೂರಿಸಿದಾಗ ಬೆಚ್ಚಗೆ ಒದ್ದೆ ತಾಗಿತು, ತಾಗಿ ಹರಡತೊಡಗಿತು. ತಡೆಯಲಾಗದೆ ಹೋಗುತ್ತಿತ್ತು. ಅಜ್ಜ ಕಣ್ಣು ಮುಚ್ಚಿಕೊಂಡ. ತುಟಿ ಅಲುಗಿತೋ ಇಲ್ಲವೋ ಎಂಬಂತೆ, "ಮುಚ್ಚು. ಮುಚ್ಚಿ ಪಾಸಾಗಿ ಹೋಗು," ಎಂದ. ಸೋಡಾಬುಡ್ಡಿಯ ಕನ್ನಡಕ ಅವಳತ್ತ ತಿರುಗಿತು, ಮತ್ತೆ ತಗ್ಗಿತು. ಅವಳು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಮೇಲುಹೊದಿಕೆಯನ್ನು ಎದೆಯವರೆಗೆ ಎಳೆದು, ಅಂಗೈಯಿಂದ ನೀವಿ, ಒಂದು ಸುಕ್ಕೂ ಇಲ್ಲದಂತೆ ಮಾಡಿದಳು. ಮುಗಿಯಿತು ಮೇಡಂ ಎಂದಳು.

"ಅಚ್ಚುಕಟ್ಟಾಗಿದೆ," ಎಂದಳು ಪರೀಕ್ಷಕಿ. ಸುಮ್ಮನೆ ಬಾಯಿಮಾತಿಗಲ್ಲ, ಬಗ್ಗಿ ಮೂಲೆಯನ್ನು ಬೆರಳಿನಿಂದ ಎಳೆದು ನೋಡಿಯೇ ಅಂದಳು. ಮೂಲೆ ಜಗ್ಗಲಿಲ್ಲ. ಟ್ಯೂಟರ್ ಮುಖ ಅರಳಿತು. ಫೇಲಾದ ಹುಡುಗಿಯನ್ನು ತಿದ್ದಿ ನಿಲ್ಲಿಸಿದ ಪುಣ್ಯ ಅವರದೇ ತಾನೆ. "ಹೋದ ಸಲ ಇದೇ ಹುಡುಗಿ ಮೇಡಂ," ಎಂದು ಪಿಸುಗುಟ್ಟಿದರು, ಎಲ್ಲರಿಗೂ ಕೇಳಿಸುವಷ್ಟು. ಅವಳಿಗೆ ಈಗ ಮಾಡಬೇಕಾದದ್ದು ಇಷ್ಟೇ ಇತ್ತು: ತಲೆಬಾಗಿ ಟ್ರೇ ಎತ್ತಿಕೊಂಡು ಹೋಗುವುದು. ಆದರೆ ಪರೀಕ್ಷೆಯ ಹಾಸಿಗೆಯನ್ನು ಪರೀಕ್ಷೆ ಪೂರಾ ಮುಗಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಇನ್ನೂ ಅರ್ಧ ತರಗತಿ ಬಾಕಿ, ಮಧ್ಯೆ ಊಟ ಬೇರೆ. ಅಲ್ಲಿಯ ತನಕ ಅಜ್ಜ ಆ ಒದ್ದೆಯಲ್ಲಿ ಹೊಲಿಗೆ ಹಾಕಿದ ತೊಡೆಯಿಟ್ಟುಕೊಂಡು, ಹೊಸ ಬಟ್ಟೆಯ ಒಳಗೆ, ಅಚ್ಚುಕಟ್ಟಾಗಿ ಮಲಗಿರಬೇಕು. ಅಮ್ಮನಿಗೆ ಫೋನು ಮಾಡಿ ಪಾಸಾದೆ ಎನ್ನುತ್ತೇನೆ, ಅಮ್ಮ ಅಂಗಡಿಯವರಿಗೆಲ್ಲ ಹೇಳುತ್ತಾಳೆ, ಅಷ್ಟು ಹೊತ್ತೂ ಇವನು ಮಲಗಿಯೇ ಇರುತ್ತಾನೆ ಎಂದು ಲೆಕ್ಕ ಹಾಕುತ್ತಾ ಅವಳು ಟ್ರೇ ಎತ್ತಲಿಲ್ಲ. ಅಷ್ಟರಲ್ಲಿ ಪರೀಕ್ಷಕಿ, ಉಳಿದವರೂ ಬಂದು ಈ ಮೂಲೆ ನೋಡಲಿ ಎಂದಳು.

ಹುಡುಗಿಯರೆಲ್ಲ ಬಂದರು, ಕತ್ತು ನೀಡಿದರು, ಇಣುಕಿದರು. ಟ್ಯೂಟರ್ ಕಡ್ಡಿಯಲ್ಲಿ ತೋರಿಸಿ ವಿವರಿಸಿದರು. ಅಜ್ಜನ ಎದೆಯಿಂದ ಕೆಳಗೆ ಏನೋ ಒಂದು ವಸ್ತು ಇದ್ದಂತೆ, ಮೇಲೆ ಒಂದು ಮುಖ ಇದೆ ಎನ್ನುವುದನ್ನು ಅಷ್ಟು ಜನರಲ್ಲಿ ಒಬ್ಬರೂ ಗಮನಿಸಿದಂತೆ ಕಾಣಲಿಲ್ಲ. ಅವಳಿಗೆ ಸಿಟ್ಟು ಪಾದದಿಂದ ಮೇಲೇರಿತು. ಟ್ಯೂಟರ್ ಮೇಲೆ, ಪರೀಕ್ಷಕಿಯ ಟೀ ಮೇಲೆ, ಈ ಹುಡುಗಿಯರ ಉದ್ದುದ್ದ ಕತ್ತುಗಳ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಹಾಳು ಮೂಲೆಯ ಮೇಲೆ. ಇಷ್ಟು ಚಂದ ಮಡಚಲು ಕಲಿತೆಯಲ್ಲ ಎಂದು ತನ್ನ ಮೇಲೆಯೇ. ಟ್ಯೂಟರ್ ಕೊನೆಗೆ ನಗುತ್ತಾ, "ಏನಜ್ಜ, ನಮ್ಮ ಹುಡುಗಿ ಹೇಗೆ ಹಾಸಿದಳು ಹಾಸಿಗೆ?" ಎಂದು ಕೇಳಿದರು. ಅಜ್ಜನೂ ಹಲ್ಲು ಬಿಟ್ಟ. "ರಾಜನ ಹಾಸಿಗೆ ಕಣಮ್ಮ," ಎಂದ.

"ಇಲ್ಲ," ಎಂದಳು ಅವಳು. ಇಷ್ಟು ದೊಡ್ಡ ದನಿ ತನ್ನದೇ ಎಂದು ಅವಳಿಗೇ ನಂಬಿಕೆ ಬರಲಿಲ್ಲ. "ಅವರು ಒದ್ದೆಯಲ್ಲಿ ಮಲಗಿದಾರೆ. ಹೊರಳಿಸುವಾಗಲೇ ಹೋಗಿಬಿಡ್ತು. ಅವಸರ ಆಗಿದೆ ಅಂತ ಗೊತ್ತಿದ್ದೂ ನಾನು ಮುಂದುವರಿಸಿದೆ, ಒದ್ದೆ ಮೇಲೇ ಮುಚ್ಚಿದೆ. ಬೆಳಿಗ್ಗೆ ಬಾಟಲಿ ಎತ್ತಿಕೊಂಡು ಹೋದವಳೂ ನಾನೇ." ಅಷ್ಟು ಕತ್ತುಗಳೂ ಒಟ್ಟಿಗೆ ಅಜ್ಜನ ಸೊಂಟದ ಕಡೆ ತಿರುಗಿದವು. ಹಿಂದೆ ಯಾರೋ ಮೂಗಿಗೆ ಕೈ ಹಿಡಿದರು. ಯಾರೋ ಕಿಸಕ್ಕೆಂದು ನಕ್ಕು ಕೆಮ್ಮಿದರು. ಟ್ಯೂಟರ್ ಅವಳ ರಟ್ಟೆ ಹಿಡಿದು ಚಿವುಟಿದರು, ಚಿಕ್ಕ ಮಕ್ಕಳನ್ನು ಚಿವುಟುವ ಹಾಗೆ. ಪರೀಕ್ಷಕಿ ಮಾತ್ರ ಗಾಬರಿಯಾಗಲಿಲ್ಲ. "ನಾನು ಹಾಸಿಗೆ ನೋಡಿ ಮಾರ್ಕ್ಸ್ ಹಾಕಿದೀನಿ, ಅದರಲ್ಲಿ ಬದಲಾವಣೆ ಇಲ್ಲ. ರೋಗಿ ಆಮೇಲೆ ಏನು ಮಾಡಿಕೊಂಡ ಅನ್ನೋದು ನಿನ್ನ ಹೊಣೆ ಅಲ್ಲಮ್ಮ. ನೀನು ಪಾಸು," ಎಂದಳು. ಸಮಾಧಾನ ಹೇಳುವ ಧಾಟಿಯಲ್ಲೇ ಹೇಳಿದಳು. ಇವರಿಗೆ ತಾನು ಹೇಳಿದ್ದರಲ್ಲಿ ಒಂದಕ್ಷರವೂ ಮುಟ್ಟಲಿಲ್ಲವಲ್ಲ ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಹಾಸಿಗೆಯಿಂದ ಅಜ್ಜ ಮಾತಾಡಿದ.

"ನಿನ್ನನ್ನ ಯಾರು ಕೇಳಿದ್ರು?" ಎಂದ. ಮಗಳೇ ಎನ್ನಲಿಲ್ಲ. "ನಾನು ಕಷ್ಟಪಟ್ಟು ಮುಚ್ಚಿಟ್ಟಿದ್ದನ್ನ ಇಷ್ಟು ಹೆಣ್ಣುಮಕ್ಕಳ ಎದುರು ಬಿಚ್ಚಿ ಹಾಕೋಕೆ ನಿನ್ನನ್ನ ಯಾರು ಕೇಳಿದ್ರು? ಅದು ತಾನಾಗೇ ಒಣಗುತ್ತಿತ್ತು." ಅವನ ಮುಖ ಕೆಂಪಾಗಿತ್ತು. ಬೆಳಗಿನಿಂದ ಬಿಟ್ಟುಕೊಡದ ತಮಾಷೆಯ ಮುಖವೆಲ್ಲ ಕಳಚಿ ಬಿದ್ದು, ಕೆಳಗೆ ಬರೀ ಒಬ್ಬ ಮುದುಕ ಉಳಿದಿದ್ದ. ಅವಳು ತನ್ನನ್ನೇ ಕೇಳಿಕೊಂಡಳು: ಅಜ್ಜನಿಗಾಗಿ ಹೇಳಿದೆನೇ, ನನಗಾಗಿ ಹೇಳಿದೆನೇ. ಮೊದಲು ಅವನ ಬಾಟಲಿ ಎತ್ತಿಕೊಂಡು ಹೋದೆ. ಪಾಸಾಗಲು ಅವನ ಮರ್ಯಾದೆಯ ಮೇಲೆ ಚಾದರ ಹಾಸಿದೆ. ಈಗ ನನ್ನ ಎದೆ ಹಗುರ ಮಾಡಿಕೊಳ್ಳಲು ಅದನ್ನೂ ಎಳೆದು ಎಸೆದೆ. ಹೇಳುವುದೇ ಇದ್ದರೆ ಅಷ್ಟು ಜನ ಬರುವ ಮುಂಚೆ ಹೇಳಬಹುದಿತ್ತು, ಪರೀಕ್ಷಕಿಯ ಕಿವಿಯಲ್ಲಿ ಹೇಳಬಹುದಿತ್ತು. ಗುಂಪು ಸೇರುವ ತನಕ ಕಾದವಳು ನಾನೇ ಅಲ್ಲವೇ. ತಾನು ಈವರೆಗೆ ಯಾರ ಮೇಲೆಲ್ಲ ಉರಿಯುತ್ತಿದ್ದಳೋ ಅವರ ಸಾಲಿನಲ್ಲೇ ತಾನೂ ನಿಂತಿರುವುದು ಅವಳಿಗೆ ಕಾಣಿಸಿತು.

ಅವಳು ಮಂಚದ ಸುತ್ತ ಪರದೆ ಎಳೆದು, ಸೋಡಾಬುಡ್ಡಿಯ ಕೈಗೆ ಒಣಬಟ್ಟೆ ಕೊಟ್ಟು, ತಾನೂ ಒಳಗೆ ಕಾಲಿಟ್ಟಳು. "ನೀನು ಬೇಡ," ಎಂದ ಅಜ್ಜ, ಗೋಡೆಯ ಕಡೆ ಮುಖ ಮಾಡಿ. "ಆ ಕನ್ನಡಕದ ಹುಡುಗಿ ಮಾಡಲಿ. ಆಯಾನ ಕರೀಲಿ. ನೀನು ಬೇಡ." ಅವಳು ಹೊರಗೆ ಬಂದಳು. ಆಯಾ ಬಿಸಿನೀರಿನ ಬೋಗುಣಿ ಹಿಡಿದು ಅವಳ ಮಗ್ಗುಲಿನಿಂದ ಒಳಗೆ ಹೋದಳು. ಪರದೆಯ ಕೊಂಡಿಗಳು ಎಂದೋ ಕಿತ್ತುಹೋಗಿದ್ದರಿಂದ ಅದು ತಾನಾಗಿ ಸರಿದು ಬಾಯಿ ಬಿಡುತ್ತಿತ್ತು. ಅವಳು ಎರಡು ಅಂಚುಗಳನ್ನು ಸೇರಿಸಿ ಮುಷ್ಟಿಯಲ್ಲಿ ಬಿಗಿಹಿಡಿದು, ಬೆನ್ನು ಒಳಗೆ ಮಾಡಿ ನಿಂತಳು.

"ಅಲ್ಲೇನು ಕಾವಲು ನಿಂತಿದೀಯಾ," ಎಂದರು ಟ್ಯೂಟರ್. "ಮೇಡಂ ಮುಂದಿನ ಮಂಚಕ್ಕೆ ಹೋಗಬೇಕು. ಆ ಕನ್ನಡಕದವಳದೇ ಸರದಿ ಈಗ. ಕರಿ ಅವಳನ್ನ."

"ಇವರದು ಮುಗೀಲಿ ಮೇಡಂ."

"ಪರೀಕ್ಷೆ ನಿಲ್ಲಿಸೋಕಾಗುತ್ತೇನೇ ಇದಕ್ಕೆಲ್ಲ?"

"ನಿಲ್ಲಿಸಿ," ಎಂದಳು. ಟ್ಯೂಟರ್ ಒಂದು ಹೆಜ್ಜೆ ಮುಂದೆ ಬಂದರು, ಅವಳು ಕದಲಲಿಲ್ಲ. ಪರೀಕ್ಷಕಿ ಕೈಗಡಿಯಾರ ನೋಡಿಕೊಂಡು ಕುರ್ಚಿ ಎಳೆದು ಕೂತಳು. ಟ್ರೇ ಹಿಡಿದ ಹುಡುಗಿಯರ ಸಾಲು, ಟ್ಯೂಟರು, ಮಂಚಗಳ ಮೇಲಿನ ಗಂಡಸರು ಎಲ್ಲರೂ ಕಾದರು. ಮೊದಲು ಒಬ್ಬ, ಅವನ ಹಿಂದೆ ಇನ್ನೊಬ್ಬ, ನಮಗೂ ಬಾಟ್ಲಿ ತನ್ನಿ ಎಂದು ಕೂಗತೊಡಗಿದರು. ಟ್ಯೂಟರ್ ಈ ಸಲ ಎತ್ತ ನೋಡಬೇಕೆಂದು ತಿಳಿಯದೆ ಜೇಬಿನಲ್ಲಿ ಬೀಗದ ಕೈ ಹುಡುಕಿದರು. ಪರದೆಯ ಒಳಗೆ ನೀರು ಹಿಂಡುವ ಸದ್ದು, ರಬ್ಬರ್ ಹಾಸು ಎಳೆಯುವ ಸದ್ದು, ಆಯಾ ಅಜ್ಜನಿಗೆ ಏನೋ ಸಣ್ಣಗೆ ಹೇಳುತ್ತಿದ್ದದ್ದು ಅವಳಿಗೆ ಕೇಳಿಸುತ್ತಿತ್ತು.

"ಅವಳು ಹೋದ್ಲಾ?" ಎಂದು ಅಜ್ಜ ಕೇಳಿದ.

"ಇಲ್ಲ ಅಜ್ಜ, ಪರದೆ ಹಿಡ್ಕೊಂಡು ನಿಂತಿದಾಳೆ," ಎಂದಳು ಸೋಡಾಬುಡ್ಡಿ.

"ಹೋಗು ಅಂತ ಹೇಳು."

ಅದು ಅವಳಿಗೆ ಕೇಳಿಸಿತು. ಹೋಗುವುದಕ್ಕೆ ಅವಳಿಗೂ ಮನಸ್ಸಿತ್ತು. ಕೈ ಬಿಟ್ಟರೆ ಪರದೆ ತೆರೆದುಕೊಳ್ಳುತ್ತಿತ್ತು, ಎದುರಿಗೆ ಅಷ್ಟೂ ಜನ ನಿಂತಿದ್ದರು. ಅವಳು ಹೋಗಲಿಲ್ಲ.